ಇನ್ಸಾಟು ಮತ್ತು ಸರೋಜಮ್ಮನ ಬೀಗದ ಕೈ

ಮದುವೆ ಊಟ ಮುಗಿಸಿ ಕೈ ತೊಳೆಯಲು ಹಿತ್ತಲಿಗೆ ಹೋದಾಗ ಕೋಳಿ ಹಿಕ್ಕೆಯ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಒಬ್ಬಟ್ಟು ಇನ್ನೂ ಗಂಟಲಿನಲ್ಲೇ ಇತ್ತು. ಹಿತ್ತಲ ಮೂಲೆಯಲ್ಲಿ ತಂತಿ ಬಲೆಯ ದೊಡ್ಡದೊಂದು ಗೂಡು. ಬೋಗುಣಿಯನ್ನು ಬೋರಲು ಹಾಕಿ ಸುತ್ತಲೂ ಕಲ್ಲು ಒಟ್ಟಿದ ಹಾಗಿತ್ತು. ಒಳಗೆ ಕೋಳಿಗಳು ತಮ್ಮ ಹೇಸಿಗೆಯಲ್ಲೇ ಕಾಲು ಕೆದರುತ್ತ ಓಡಾಡುತ್ತಿದ್ದವು. ನಾನು ಮೂಗು ಮುಚ್ಚಿಕೊಂಡು ಹತ್ತಿರ ಹೋಗಿ ನೋಡಿದೆ. ಬಲೆಯನ್ನು ಹಿಡಿದಿದ್ದ ಆ ಬಾಗಿದ ಪಟ್ಟಿಗಳು, ನಡುವಿನ ಆ ದಪ್ಪ ಬಳೆ, ನಾಲ್ಕು ಬೋಲ್ಟಿನ ತೂತು, ಎಲ್ಲ ನನಗೆ ಗೊತ್ತಿದ್ದವೇ. ಆ ಬೋಲ್ಟುಗಳನ್ನು ಬಿಗಿದ ಕೈ ನನ್ನದು.

"ಏನ್ ನೋಡ್ತಾ ಇದ್ದೀರಾ ತಾತಾ?" ಎಂದ ಆ ಮನೆಯ ಹುಡುಗ, ಮದುಮಗನ ತಮ್ಮ.

"ಇದು ಎಲ್ಲಿಂದ ಬಂತಪ್ಪ?"

"ನಮ್ ತಾತನ ಕಾಲದ್ದು. ಕೋಳಿಗೇಂತ ಮಾಡ್ಸಿದ್ದಂತೆ."

ಪಕ್ಕದಲ್ಲಿ ಎಲೆ ಅಡಿಕೆ ಮೆಲ್ಲುತ್ತಿದ್ದ ಮುದುಕರೊಬ್ಬರು ಅವನನ್ನು ತಿದ್ದಿದರು. "ಕೋಳಿಗಲ್ಲ ಕಣ್ಲಾ. ಆಗ ಊರಿಗೊಂದು ಟೀವಿ ಬಂದಿತ್ತು. ಇದು ಅದರ ಛತ್ರಿ. ಮ್ಯಾಲೆ ಇನ್ಸಾಟು ಕೆಟ್ಟೋಯ್ತು, ಅದಕ್ಕೇ ಟೀವಿನೂ ಹೋಯ್ತು."

ನನಗೆ ಮೈಯೆಲ್ಲ ಉರಿದುಹೋಯಿತು. ಇನ್ಸಾಟು ಕೆಟ್ಟಿತಂತೆ! ಕಣ್ಣಿಗೆ ಕಾಣದ ಎತ್ತರದಲ್ಲಿ ತನ್ನ ಪಾಡಿಗೆ ತಾನು ನಿಂತು ಕೆಲಸ ಮಾಡಿದ ಆ ಉಪಗ್ರಹದ ಮೇಲೆ ಇವರು ಇಷ್ಟು ವರ್ಷವಾದ ಮೇಲೂ ಗೂಬೆ ಕೂರಿಸುತ್ತಿದ್ದಾರೆ. ಕೆಟ್ಟಿದ್ದು ಯಾವುದು ಅಂತ ನನಗೆ ಗೊತ್ತು. ಅದು ಮೇಲಿರಲಿಲ್ಲ. ಮದುವೆಮನೆ ಅಂತ ಬಾಯಿ ಮುಚ್ಚಿಕೊಂಡು ಕೈ ತೊಳೆದು ಬಂದೆ.

ಆ ಊರಿನ ಹೆಸರು ಹೇಳುವುದಿಲ್ಲ. ಕಲ್ಯಾಣದುರ್ಗದಿಂದ ಕಂಬದೂರಿಗೆ ಹೋಗುವ ದಾರಿಯಲ್ಲಿ ಎಡಕ್ಕೆ ತಿರುಗಿದರೆ ಸಿಗುತ್ತದೆ, ಅಷ್ಟು ಸಾಕು. ಅಲ್ಲಿ ನನಗೆ ಇವತ್ತಿಗೂ ನೆಂಟರಿದ್ದಾರೆ, ನಾಳೆ ಮುಖ ನೋಡಬೇಕು.

ನಾನು ಹಿಂದೂಪುರದ ನೇಕಾರರ ಮನೆಯ ಹುಡುಗ. ಗುಂಡಿಮಗ್ಗದ ಸದ್ದಿನಲ್ಲಿ ಹುಟ್ಟಿ, ಅದೇ ಸದ್ದು ಬೇಸರವಾಗಿ ಐಟಿಐ ಸೇರಿ, ರೇಡಿಯೋ ಟೀವಿ ರಿಪೇರಿ ಕಲಿತವನು. ಎಂಬತ್ತರ ದಶಕದ ನಡುವೆ, ಆ ಉಪಗ್ರಹ ಮೇಲೆ ಹೋಗಿ ಇನ್ನೂ ಬಹಳ ದಿನ ಆಗಿರಲಿಲ್ಲ, ಸರ್ಕಾರ ಹಳ್ಳಿ ಹಳ್ಳಿಗೆ ಒಂದೊಂದು ಟೀವಿ ಕೊಟ್ಟಿತು. ಅವುಗಳನ್ನು ನೋಡಿಕೊಳ್ಳುವ ಕೆಲಸ ನನಗೆ ಸಿಕ್ಕಿ ಕಲ್ಯಾಣದುರ್ಗಕ್ಕೆ ಹಾಕಿದರು. "ಮಗ್ಗ ಬಿಟ್ಟು ಟೀವಿ ಹಿಡ್ಕಂಡು ಹೋಯ್ತಾನಂತೆ," ಎಂದು ನಮ್ಮಮ್ಮ ಕೇರಿಗೆಲ್ಲ ಹೇಳಿಕೊಂಡು ಬಂದಳು. ಹೆಮ್ಮೆಯೋ ಸಂಕಟವೋ ಅವಳಿಗೇ ಗೊತ್ತಿರಲಿಲ್ಲ.

ಕಲ್ಯಾಣದುರ್ಗದಲ್ಲಿ ನನಗೆ ಯಾವುದೂ ಹಿಡಿಸಲಿಲ್ಲ. ಬಸ್ ಸ್ಟ್ಯಾಂಡಿನ ಹಿಂದೆ, ಕಡಲೆಕಾಯಿ ಎಣ್ಣೆ ಮಿಲ್ಲಿನ ಪಕ್ಕ ರೂಮು. ಹಿಂಡಿಯ ವಾಸನೆ ಹಾಸಿಗೆಗೆ, ಅಂಗಿಗೆ, ಕೊನೆಗೆ ಕುಡಿಯುವ ನೀರಿಗೂ ಹತ್ತಿತ್ತು. ಹೋಟೆಲಿನ ಸಪ್ಲೈಯರು ಬೆರಳು ಅದ್ದಿಯೇ ನೀರಿನ ಲೋಟ ತಂದಿಡುತ್ತಿದ್ದ. ಹೇಳಿದರೆ ಅದೇ ಬೆರಳನ್ನು ಅಂಗಿಗೆ ಒರೆಸಿಕೊಂಡು ಇನ್ನೊಂದು ಲೋಟಕ್ಕೆ ಅದ್ದುತ್ತಿದ್ದ. ನನಗೆ ಅಸಹ್ಯ ಬೇಗ ಆಗುತ್ತದೆ, ಅದು ಹುಟ್ಟುಗುಣ. ಆದರೆ ಆ ವರ್ಷ ಅಸಹ್ಯ ಎಂದರೇನು ಅಂತ ನಾನು ಕಲಿತದ್ದು ಹೋಟೆಲಿನಲ್ಲಲ್ಲ.

ಕೆಲಸ ಮಾತ್ರ ನನಗೆ ಇಷ್ಟವಾಗಿತ್ತು, ಒಪ್ಪಿಕೊಳ್ಳುತ್ತೇನೆ. ಇಲಾಖೆಯ ಜೀಪಿಗೆ ಡೀಸೆಲ್ ಇದ್ದರೆ ಜೀಪು, ಇಲ್ಲದಿದ್ದರೆ ಬಸ್ಸು, ಬಸ್ಸೂ ಇಲ್ಲದಿದ್ದರೆ ಹೆಗಲಿಗೆ ಚೀಲ ಹಾಕಿಕೊಂಡು ನಡಿಗೆ. ಆ ಬೋಳು ಗುಡ್ಡಗಳ ನಡುವೆ, ಕುರಿ ಮಂದೆಗಳನ್ನು ದಾಟಿ, ಊರು ಮುಟ್ಟಿದರೆ ಶಾಲೆಯ ಪಕ್ಕದಲ್ಲಿ ಬಾಯಿ ತೆರೆದು ಆಕಾಶ ನೋಡುತ್ತ ನಿಂತ ತಂತಿ ಬಲೆಯ ಛತ್ರಿ. ಎಲ್ಲರೂ ಅದನ್ನು ಛತ್ರಿ ಎನ್ನುತ್ತಿದ್ದರು, ನಾನೂ ಅನ್ನತೊಡಗಿದೆ. ಊರವರಿಗೆ ನಾನು ಹೇಳುತ್ತಿದ್ದುದು ಇಷ್ಟೇ: ಮೇಲಿರುವ ಇನ್ಸಾಟು ಭೂಮಿ ಸುತ್ತುವ ವೇಗದಲ್ಲೇ ತಾನೂ ಸುತ್ತುತ್ತದೆ, ಅದಕ್ಕೇ ನಮ್ಮ ಲೆಕ್ಕಕ್ಕೆ ಅದು ನಿಂತಲ್ಲೇ ನಿಂತಿದೆ. ನೆತ್ತಿಯಿಂದ ಸ್ವಲ್ಪ ದಕ್ಷಿಣಕ್ಕೆ ವಾಲಿದ ಒಂದೇ ಒಂದು ಜಾಗ. ಛತ್ರಿ ಅದನ್ನೇ ನೋಡುತ್ತಿರಬೇಕು. ಕೂದಲೆಳೆ ಅತ್ತಿತ್ತ ಆದರೂ ಚಿತ್ರ ಹೋಗುತ್ತದೆ, ಪರದೆ ತುಂಬ ಬಿಳಿ ಚುಕ್ಕಿ. ಇದನ್ನು ಕೇಳಿದವರೆಲ್ಲ ತಲೆಯಾಡಿಸುತ್ತಿದ್ದರು. ಅರ್ಥವಾಯಿತು ಎಂದು ನಾನು ಅಂದುಕೊಳ್ಳುತ್ತಿದ್ದೆ.

ಆ ಊರಿನಲ್ಲಿ ಟೀವಿಯನ್ನು ಶಾಲೆಯ ಜಗಲಿಯಲ್ಲಿ ಇಟ್ಟಿದ್ದರು. ಬಾಗಿಲಿರುವ ಮರದ ಪೆಟ್ಟಿಗೆ, ಅದಕ್ಕೆ ಬೀಗ. ಕರೆಂಟಿನ ಸ್ವಿಚ್ಚು ಒಳಗೆ ತರಗತಿಯಲ್ಲಿ, ಅದರ ಬಾಗಿಲಿಗೂ ಅದೇ ಬೀಗದ ಕೈ. ಅದನ್ನು ಇಟ್ಟುಕೊಂಡು, ಹೊತ್ತಿಗೆ ಸರಿಯಾಗಿ ಟೀವಿ ಹಾಕಿ ಆರಿಸಲು ಓದುಬರಹ ಬಲ್ಲ ಒಬ್ಬರು ಬೇಕಿತ್ತು. ದಿನಾ ಸಂಜೆ ತಪ್ಪದೆ ಬರಬೇಕು ಎಂದಾಗ ಗಂಡಸರೆಲ್ಲ ಜಾರಿಕೊಂಡರು. ಉಳಿದವಳು ಸರೋಜಮ್ಮ.

ಸರೋಜಮ್ಮ ನೇಕಾರ ಓಬಳೇಶನ ತಂಗಿ. ಇಪ್ಪತ್ತನಾಲ್ಕೋ ಇಪ್ಪತ್ತೈದೋ ಇರಬೇಕು ಆಗ. ಗೋರಂಟ್ಲಕ್ಕೆ ಮದುವೆ ಮಾಡಿ ಕೊಟ್ಟಿದ್ದರು. ಮಕ್ಕಳಾಗಲಿಲ್ಲ ಎಂದು ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡು, ಇವಳನ್ನು ಆ ಹೊಸಬಳ ಬಾಣಂತನ ಮಾಡಲು ಇಟ್ಟುಕೊಂಡಿದ್ದ. ಒಂದು ದಿನ ಉರಿಯುವ ಕೊಳ್ಳಿಯಿಂದ ತೋಳಿಗೆ ಬರೆ ಹಾಕಿದಾಗ ಇವಳು ಉಟ್ಟ ಸೀರೆಯಲ್ಲಿ ತವರಿಗೆ ಬಂದಿದ್ದಳು. ಆ ಬರೆ ಮೊಣಕೈ ಮೇಲೆ ಕಾಣುತ್ತಿತ್ತು, ಅವಳು ಅದನ್ನು ಮುಚ್ಚಿಕೊಳ್ಳುತ್ತಲೂ ಇರಲಿಲ್ಲ. ಬೀಗದ ಕೈ ಸಿಕ್ಕಿದ ಮೇಲೆ ಸರ್ಕಾರದಿಂದ ಸಣ್ಣ ಸಂಬಳ ಬರತೊಡಗಿತು, ಅಣ್ಣ ಅತ್ತಿಗೆ ಸುಮ್ಮನಿದ್ದರು. "ಈ ಕೆಲಸ ಇರೋ ಗಂಟ ಇಲ್ಲಿದೀನಿ ಸಾರ್," ಎಂದು ಅವಳೇ ನನಗೆ ಹೇಳಿದ್ದಳು. "ಇದು ಹೋದ್ರೆ ಗೋರಂಟ್ಲದ ಬಸ್ಸು ಹತ್ತಿಸ್ಬುಡ್ತಾರೆ." ಬೀಗದ ಕೈಯನ್ನು ದಾರಕ್ಕೆ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದಳು. ಸಂಜೆ ಟೀವಿ ಹಾಕಿ ಅದರ ಪಕ್ಕದಲ್ಲಿ ಕಬ್ಬಿಣದ ಕುರ್ಚಿಯ ಮೇಲೆ ಕೂರುತ್ತಿದ್ದಳು. ಆ ಊರಿನಲ್ಲಿ ಗಂಡಸರ ಎದುರಿಗೆ ಕುರ್ಚಿಯ ಮೇಲೆ ಕೂರುತ್ತಿದ್ದ ಹೆಂಗಸು ಅವಳೊಬ್ಬಳೇ. ಎಷ್ಟು ಜನರಿಗೆ ಅದು ಕಣ್ಣಲ್ಲಿ ಬಿದ್ದ ಕಸವಾಗಿತ್ತೋ!

ಹಿಂಗಾರು ಮೋಡ ಕಟ್ಟುವ ಹೊತ್ತಿಗೆ ಆ ಊರಿನಿಂದ ದೂರು ಬರಲು ಶುರುವಾಯಿತು. ಚಿತ್ರ ಬರುವುದಿಲ್ಲ. ನಾನು ಹೋದರೆ ಬರುತ್ತದೆ. ಎರಡು ದಿನ ಚೆನ್ನಾಗಿ ಬಂದು ಮತ್ತೆ ಹೋಗುತ್ತದೆ. ಪೆಟ್ಟಿಗೆ ಬಿಚ್ಚಿ ನೋಡಿದೆ, ಕೇಬಲ್ಲು ಬದಲಾಯಿಸಿದೆ, ಬೋಲ್ಟು ಬಿಗಿದೆ. ಎಲ್ಲ ಸರಿಯಾಗಿತ್ತು. ಮೂರನೆಯ ಸಲವೋ ನಾಲ್ಕನೆಯ ಸಲವೋ ಹೋದಾಗ ಸಾವ್ಕಾರ್ ವೀರಭದ್ರಪ್ಪ ನನ್ನನ್ನು ತಮ್ಮ ಮನೆ ಜಗಲಿಗೆ ಕರೆದು ಕಾಫಿ ಕೊಟ್ಟರು. ಊರಿನ ನೇಕಾರರಿಗೆಲ್ಲ ನೂಲು ಕೊಟ್ಟು ಸೀರೆ ತೆಗೆದುಕೊಳ್ಳುತ್ತಿದ್ದವರು ಅವರೇ. ಮೃದುವಾದ ಮಾತು, ಒಗೆದ ಪಂಚೆ. ಅವರ ಮನೆಯ ಲೋಟ ಮಾತ್ರ ಫಳಫಳ ಹೊಳೆಯುತ್ತಿತ್ತು, ನನಗೆ ಅದೊಂದು ಸಮಾಧಾನ.

"ನಿಮ್ ಮಿಶಿನ್ನಾಗೆ ಏನೂ ತಪ್ಪಿಲ್ಲ ಕಣಪ್ಪ," ಎಂದರು. "ಹೇಳಾಕೆ ನಾಚ್ಕೆ. ಆ ಹೆಣ್ಮಗಳು ಹೊರಗಿದ್ದಾಗ ಮುಟ್ತಾಳೆ. ಅದಕ್ಕೇ ಹೋಗ್ತೈತೆ. ದೇವರು ದಿಂಡರು ಬರೋ ಪೆಟ್ಟಿಗೆ ಅದು, ಆಗಾಕಿಲ್ಲ."

ನಾನು ಕಾಫಿ ಕೆಳಗಿಟ್ಟೆ. ಮೋಡ ಅಡ್ಡ ಬರುತ್ತದೆ ಅಂದಿದ್ದರೆ ಕ್ಷಮಿಸಿಬಿಡುತ್ತಿದ್ದೆ. ಚಿತ್ರ ಹೋಗುತ್ತಿದ್ದುದು ಮೋಡದ ದಿನಗಳಲ್ಲೇ, ಯಾರಾದರೂ ಹಾಗೆ ತಿಳಿಯಬಹುದು. ಇವರಿಗೆ ಆಕಾಶ ಕಾಣಲಿಲ್ಲ, ಒಬ್ಬ ಹೆಂಗಸಿನ ಸೀರೆಯ ಸೆರಗು ಕಂಡಿತು.

ಆಮೇಲೆ ನಾನೇ ವಿಚಾರಿಸಿದೆ. ಇವರು ಅದನ್ನು ಬರೀ ಮಾತಿಗೆ ಅಂದದ್ದಲ್ಲ. ದಿನಾ ಸಂಜೆ ಅವಳು ಬಂದು ಬೀಗ ತೆಗೆಯುವ ಮೊದಲು, ಗಂಡಸರು ಮಕ್ಕಳು ಎಲ್ಲ ಕೂತಿರುವಾಗಲೇ, ಯಾರಾದರೊಬ್ಬ ಹಿರಿಯರು ಕೇಳುತ್ತಿದ್ದರು: "ಏನಮ್ಮಾ, ಹೆಂಗಿದೀಯಾ?" ಅವಳು "ಚೆನ್ನಾಗಿದೀನಿ" ಅನ್ನಬೇಕು. ಅದರ ಅರ್ಥ ಮಕ್ಕಳಿಗೂ ಗೊತ್ತಿತ್ತು. ಸಾವ್ಕಾರರ ಮನೆಯ ಅಜ್ಜಿ ಬೆಳಗ್ಗೆ ಕೊಳಾಯಿ ಕಟ್ಟೆಯ ಎದುರು ಕೂತು ಇವಳು ಯಾವತ್ತು ತಲೆಗೆ ನೀರು ಹಾಕಿಕೊಂಡಳು ಎಂದು ನೋಡುತ್ತಿದ್ದಳು. ನೆಟ್ಟಗೆ ಮೀಸೆ ಬಂದ ಗಂಡಸರು, ಗುಡಿ ಕಟ್ಟೆಯ ಮೇಲೆ ಕೂತು, ಒಬ್ಬ ಹೆಂಗಸಿನ ತಿಂಗಳ ದಿನಗಳನ್ನು ಹಬ್ಬದ ದಿನಗಳ ಹಾಗೆ ಚರ್ಚೆ ಮಾಡುತ್ತಿದ್ದರು. ಥೂ. ಈಗ ಬರೆಯುವಾಗಲೂ ನನಗೆ ವಾಕರಿಕೆ ಬರುತ್ತದೆ.

"ನೀನು ಯಾಕಮ್ಮ ಉತ್ತರ ಕೊಡ್ತೀಯಾ?" ಎಂದು ನಾನು ಅವಳನ್ನು ಕೇಳಿದೆ.

"ಉತ್ರ ಕೊಡ್ದೇ ಇದ್ರೆ ಹೊರಗಿದಾಳೆ ಅಂತಾರೆ ಸಾರ್. ಕೊಟ್ರೆ ಸುಳ್ಳು ಹೇಳ್ತಾಳೆ ಅಂತಾರೆ. ಆ ಮೂರು ದಿನ ನಾನು ಕಡ್ಡಿನಾಗೆ ಸ್ವಿಚ್ ಒತ್ತಿ ದೂರ ಕುಂತ್ಕಂತೀನಿ, ಅವರ ತೃಪ್ತಿಗೆ. ಆವಾಗ್ಲೇ ಚೆನ್ನಾಗಿ ಬರ್ತೈತೆ ಚಿತ್ರ. ಅದನ್ನ ಯಾರೂ ನೋಡಾಕಿಲ್ಲ." ಅವಳು ನಗಲಿಲ್ಲ, ಅಳಲೂ ಇಲ್ಲ. ಟೀವಿ ಪೆಟ್ಟಿಗೆಯ ಧೂಳು ಒರೆಸುತ್ತ ಇಷ್ಟು ಹೇಳಿದಳು.

ಕಾರಣ ನನಗೆ ಸಿಕ್ಕಿದ್ದು ಮೂಗಿನಿಂದ. ಒಂದು ಮಧ್ಯಾಹ್ನ ಮೋಡ ಕವಿದಿತ್ತು, ಬಸ್ಸಿಳಿದು ಶಾಲೆಯ ಹಿಂದಿನಿಂದ ಬಂದೆ. ಗಂಜಿಯ ವಾಸನೆ. ಹುಳಿ ಬಂದ ಗಂಜಿ, ಅದರಲ್ಲಿ ಒಂದಿಷ್ಟು ಕಡಲೆಕಾಯಿ ಎಣ್ಣೆ. ನನ್ನ ಬಾಲ್ಯವೆಲ್ಲ ಆ ವಾಸನೆಯೇ. ನೇಕಾರರು ಮಗ್ಗಕ್ಕೆ ಏರಿಸುವ ಮೊದಲು ಉದ್ದನೆಯ ಎಳೆಗಳನ್ನು, ಅಂದರೆ ಹಾಸನ್ನು, ಬೀದಿಯ ಉದ್ದಕ್ಕೂ ಎಳೆದು ಕಟ್ಟಿ, ಗಂಜಿ ಹಚ್ಚಿ, ಕುಂಚದಿಂದ ತೀಡಿ ಒಣಗಿಸುತ್ತಾರೆ. ಹಾಸು ತಂತಿಯ ಹಾಗೆ ಬಿಗಿಯಾಗಿರಬೇಕು. ಎರಡು ಕೊನೆಗೂ ಗಟ್ಟಿ ಆಸರೆ ಬೇಕು. ಓಬಳೇಶನ ಹಾಸು ಒಂದು ಕಡೆ ಬೇವಿನ ಮರಕ್ಕೆ ಕಟ್ಟಿತ್ತು. ಇನ್ನೊಂದು ಕಡೆಯ ಹಗ್ಗ ಬಂದು ಸೇರಿದ್ದು ನನ್ನ ಛತ್ರಿಯ ಕಬ್ಬಿಣದ ಕಂಬಕ್ಕೆ.

ನಾನು ಹೋಗಿ ಹಗ್ಗವನ್ನು ಬೆರಳಿನಿಂದ ಮೀಟಿದೆ. ಗುಂಯ್ ಎಂದಿತು. ಮೇಲೆ ಛತ್ರಿ ಬೇವಿನ ಮರದ ಕಡೆಗೆ ಅಷ್ಟೇ ಅಷ್ಟು ಬಾಗಿತ್ತು.

"ಇದಕ್ಕೆ ಯಾಕೆ ಕಟ್ಟಿದ್ದೀಯೋ ಓಬಳೇಶಾ?"

"ಇನ್ನೆಲ್ಲಿಗೆ ಕಟ್ಲಿ ಸಾರ್? ನಮ್ ತಾತನ ಕಾಲದಿಂದ ಹಾಸು ಕಟ್ಟಾಕೇಂತ ಇಲ್ಲೇ ಒಂದು ಹಾಸುಗಲ್ಲು ನೆಟ್ಟಿತ್ತು. ನಿಮ್ಮೋರೇ ಬಂದು ಕಿತ್ತಾಕಿ ಈ ಕಂಬ ನಿಲ್ಲಿಸ್ಬುಟ್ರು. ಕಲ್ಲು ಇದ್ದ ಜಾಗದಾಗೆ ಕಬ್ಬಿಣ ಬಂತು, ಕಬ್ಬಿಣಕ್ಕೇ ಕಟ್ದೆ. ಬಿಸ್ಲಿದ್ರೆ ಬೆಳಗ್ಗೆ ಕಟ್ಟಿ ಮಧ್ಯಾಹ್ನಕ್ಕೆ ಬಿಚ್ತೀನಿ. ಮೋಡ ಆದ್ರೆ ಒಣಗಾಕಿಲ್ಲ, ದೀಪ ಹಚ್ಚೋ ಗಂಟ ಇರ್ತೈತೆ."

ಎಲ್ಲ ಗೊತ್ತಾಗಿಹೋಯಿತು. ಛತ್ರಿ ನಿಲ್ಲಿಸಿದ ನಮ್ಮವರ ಮೇಲೂ ನನಗೆ ಹೇಸಿಗೆಯಾಯಿತು. ತಲೆಮಾರುಗಳಿಂದ ನೆಟ್ಟಿದ್ದ ಕಲ್ಲನ್ನು ಕೀಳುವಾಗ ಇದು ಯಾಕಿದೆ ಎಂದು ಒಬ್ಬರೂ ಕೇಳಿರಲಿಲ್ಲ.

"ಹಗ್ಗ ಸಂಜೆವರೆಗೂ ಇದ್ದ ದಿನವೇ ಚಿತ್ರ ಹೋಗೋದು ನಿನಗೆ ಗೊತ್ತಿರಲಿಲ್ವಾ?" ಎಂದೆ. ಓಬಳೇಶ ಕುಂಚ ಆಡಿಸುವುದನ್ನು ನಿಲ್ಲಿಸಿದ. ನನ್ನ ಮುಖ ನೋಡಲಿಲ್ಲ. "ಅನುಮಾನ ಇತ್ತು ಸಾರ್. ಹೇಳಿದ್ರೆ ಹಾಸು ಎಲ್ಲಿ ಕಟ್ಲಿ? ದೀಪಾವಳಿ ಸೀರೆ, ನೂಲು ಸಾವ್ಕಾರ್ದು." ತಂಗಿಯನ್ನು ದಿನಾ ಸಂಜೆ ಊರ ಮುಂದೆ ಬೆತ್ತಲೆ ಮಾಡುವುದನ್ನು ಇವನು ಕಿವಿಯಾರೆ ಕೇಳಿಕೊಂಡು ಸುಮ್ಮನಿದ್ದ. ನನ್ನ ಜಾತಿಯವನು, ನನ್ನ ಕಸುಬಿನವನು. ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು.

ಅವತ್ತು ಸಂಜೆ ಜನ ಸೇರಿದ ಮೇಲೆ ಹಗ್ಗ ಹಾಗೇ ಇರಲಿ ಎಂದೆ. ಸರೋಜಮ್ಮ ಟೀವಿ ಹಾಕಿದಳು. ಬರೀ ಬಿಳಿ ಚುಕ್ಕಿ, ಭುಸ್ ಎನ್ನುವ ಸದ್ದು. ನಾನು ಎಲ್ಲರೂ ನೋಡುವ ಹಾಗೆ ಕಂಬದ ಹತ್ತಿರ ಹೋಗಿ ಓಬಳೇಶನಿಂದ ಹಗ್ಗ ಸಡಿಲ ಮಾಡಿಸಿದೆ. ಪರದೆಯ ಮೇಲೆ ಥಟ್ಟನೆ ಒಬ್ಬ ಅಧಿಕಾರಿ ಬಂದು ಎರೆಗೊಬ್ಬರದ ಬಗ್ಗೆ ತೆಲುಗಿನಲ್ಲಿ ಮಾತಾಡತೊಡಗಿದ. ಮಕ್ಕಳು ಹೋ ಎಂದರು. ಮತ್ತೆ ಎಳೆಸಿದೆ, ಹೋಯಿತು. ಬಿಡಿಸಿದೆ, ಬಂತು. ಹಗ್ಗ ಎಳೆದರೆ ಚುಕ್ಕಿ, ಬಿಟ್ಟರೆ ಗೊಬ್ಬರ. ಇದಕ್ಕಿಂತ ಬಿಡಿಸಿ ಹೇಳಲು ನನಗೆ ಬರುವುದಿಲ್ಲ.

ಸಾವ್ಕಾರ್ ವೀರಭದ್ರಪ್ಪ ಎಲ್ಲವನ್ನೂ ಸಮಾಧಾನವಾಗಿ ನೋಡಿದರು. ಆಮೇಲೆ ಹೇಳಿದರು, "ನಿಜ ಕಣಪ್ಪ. ಹಗ್ಗದ್ದೂ ಇರಬೌದು. ಇವಳ್ದೂ ಇರಬೌದು."

ಸುತ್ತಲಿದ್ದವರು ತಲೆಯಾಡಿಸಿದರು. ನಾನು ಇನ್ಸಾಟಿನ ಬಗ್ಗೆ ಹೇಳುವಾಗ ಆಡಿಸುತ್ತಿದ್ದರಲ್ಲ, ಅದೇ ಥರ.

ಮಾರನೆಯ ದಿನ ನಾನೇ ಮುಂದೆ ನಿಂತು, ಬೇಲಿಯಲ್ಲಿ ಬಿದ್ದಿದ್ದ ಆ ಹಳೆಯ ಹಾಸುಗಲ್ಲನ್ನು ಉರುಳಿಸಿಕೊಂಡು ಬಂದು ಕಂಬದಿಂದ ದೂರ ನೆಡಿಸಿದೆ. ಓಬಳೇಶನ ಹಾಸಿನ ಹಗ್ಗಕ್ಕೆ ಆಸರೆ ಸಿಕ್ಕಿತು, ಛತ್ರಿ ತನ್ನ ಜಾಗ ಬಿಟ್ಟು ಕದಲಲಿಲ್ಲ, ಚಿತ್ರ ಕನ್ನಡಿಯಂತೆ ಬಂತು. ಇಷ್ಟಾದ ಮೇಲೆ ಯಾರಿಗೆ ಏನು ತಕರಾರು? ಇತ್ತು. ಗುಡಿ ಕಟ್ಟೆಯಲ್ಲಿ ಮಾತಾಗಿ, ಬರುವ ಭಾನುವಾರ ಬೀಗದ ಕೈ ಸಾವ್ಕಾರರ ಮನೆಗೆ ಹೋಗಬೇಕು ಎಂದು ತೀರ್ಮಾನಿಸಿದರು. ಅವರ ಕಿರಿಯ ಮಗನಿಗೂ ಏನಾದರೊಂದು ಕೆಲಸ ಬೇಕಿತ್ತು, ಅದು ನನಗೆ ಆಮೇಲೆ ತಿಳಿಯಿತು. ನಮ್ಮ ಮೇಲಿನವರಿಗೆ ಹೇಳಿದೆ. "ಊರವರ ಜೊತೆ ಯಾಕ್ರೀ ಜಗಳ? ಯಾರ ಹತ್ರ ಇದ್ರೇನು, ಟೀವಿ ನಡೀಬೇಕು ಅಷ್ಟೇ," ಎಂದು ಅವರು ಹಲ್ಲಿಗೆ ಕಡ್ಡಿ ಹಾಕಿಕೊಂಡರು. ಓಬಳೇಶ ಆಗಲೇ ಗೋರಂಟ್ಲಕ್ಕೆ ಹೇಳಿ ಕಳಿಸಿದ್ದ.

ಭಾನುವಾರ ನಾನು ಹೋದೆ. ಕೆಲಸವೇನೂ ಇರಲಿಲ್ಲ, ನೋಡದೆ ಇರಲು ಆಗಲಿಲ್ಲ. ಮಳೆ ಹನಿದು ನಿಂತಿತ್ತು, ಶಾಲೆಯ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವತ್ತು ಟೀವಿಯಲ್ಲಿ ಪುರಾಣದ ನಾಟಕ. ಸಾವ್ಕಾರರು ಮುಂದೆ ಕುರ್ಚಿ ಹಾಕಿಸಿಕೊಂಡಿದ್ದರು. ಯಾರೋ ಟೀವಿ ಪೆಟ್ಟಿಗೆಗೆ ಚೆಂಡುಹೂವಿನ ಹಾರ ಹಾಕಿ ಊದುಬತ್ತಿ ಸಿಕ್ಕಿಸಿದ್ದರು. ಪರದೆಯ ಮೇಲೆ ದೇವರು ಬಂದಾಗ ಎಲ್ಲರೂ ಕೈ ಮುಗಿದರು. ಚಿತ್ರ ಅಷ್ಟು ಸ್ವಚ್ಛವಾಗಿ ನಾನು ಯಾವ ಊರಲ್ಲೂ ನೋಡಿರಲಿಲ್ಲ, ದೇವರ ಕಿರೀಟದ ಕಾಗದ ಅಂಟಿಸಿದ ಗುರುತು ಸಹ ಕಾಣುತ್ತಿತ್ತು.

ಸರೋಜಮ್ಮ ತನ್ನ ಕುರ್ಚಿಯಿಂದ ಎದ್ದಳು. ಹೋಗಿ ಟೀವಿಯ ಸದ್ದಿನ ಗುಂಡಿ ತಿರುಗಿಸಿದಳು. ದೇವರು ಬಾಯಿ ಆಡಿಸುತ್ತಿದ್ದರು, ಮಾತಿರಲಿಲ್ಲ.

"ಸಾವ್ಕಾರ್ರೇ," ಎಂದಳು. "ಇವತ್ತು ಯಾರೂ ಕೇಳ್ಲಿಲ್ಲ ನನ್ನ, ಹೆಂಗಿದೀಯಾ ಅಂತ. ನಾನೇ ಹೇಳ್ತೀನಿ. ನಾನು ಹೊರಗಿದೀನಿ. ನಿನ್ನೆಯಿಂದ. ನಿನ್ನೆನೂ ನಾನೇ ಹಾಕ್ದೆ, ಇವತ್ತೂ ನಾನೇ ಹಾಕ್ದೆ, ಕಡ್ಡಿನಾಗಲ್ಲ, ಕೈನಾಗೆ. ನೋಡ್ರಿ ಚಿತ್ರ ಹೆಂಗೆ ಬತ್ತೈತೆ."

ಅವಳು ಸೊಂಟದಿಂದ ಬೀಗದ ಕೈ ಬಿಡಿಸಿ, ದಾರ ಹಿಡಿದು ಸಾವ್ಕಾರರ ಮುಖದ ಮುಂದೆ ಚಾಚಿದಳು. "ತಗಳ್ಳಿ. ಬೀಗದ ಕೈ ಬೇಕಂದ್ರಲ್ಲ. ತಗಳ್ಳಿ ಮತ್ತೆ."

ಸಾವ್ಕಾರರು ಕುರ್ಚಿಯ ಸಮೇತ ಹಿಂದಕ್ಕೆ ಸರಿದರು. ಅವರ ಮಗನ ಕಡೆ ಚಾಚಿದಳು, ಅವನು ಅಪ್ಪನ ಹಿಂದೆ ಹೋದ. ಅಣ್ಣನ ಕಡೆ ಚಾಚಿದಳು, ಓಬಳೇಶ ನೆಲ ನೋಡಿದ. ಒಬ್ಬರೂ ಕೈ ನೀಡಲಿಲ್ಲ. ಅವಳು ಬೀಗದ ಕೈಯನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡು, ಜನರ ನಡುವೆ ನಡೆದಳು. ಮೈ ತಾಗೀತೆಂದು ಜನ ಎರಡು ಭಾಗವಾಗಿ ದಾರಿ ಬಿಟ್ಟರು. ಅವಳು ಹಿಂದೆ ತಿರುಗಿ ನೋಡದೆ ಹೋದಳು.

ಆಮೇಲೆ ಕೂಗಾಟ ಎದ್ದಿತು. ಮೈಲಿಗೆಯಾದ ಪೆಟ್ಟಿಗೆಯೊಳಗೆ ದೇವರಿದ್ದಾರೆ! ಆರಿಸಿ ಎಂದರೆ ಆರಿಸಲು ಮುಟ್ಟಬೇಕು, ಮುಟ್ಟುವವರು ಯಾರು? ಸ್ವಿಚ್ಚಿರುವ ತರಗತಿಗೆ ಬೀಗ, ಬೀಗದ ಕೈ ಅವಳ ಸೊಂಟದಲ್ಲಿ. ಸಾವ್ಕಾರರ ಮನೆಯ ಅಜ್ಜಿ ಎಲ್ಲಿಂದಲೋ ಬಿಂದಿಗೆಯಲ್ಲಿ ಗಂಜಲ, ಅರಿಶಿನ ಕಲಸಿದ ನೀರು ತರಿಸಿದಳು. ನಾನು ಜನರ ಹಿಂದೆ ಗೋಡೆಗೆ ಒರಗಿ ನಿಂತಿದ್ದೆ. "ಹಾಕಬೇಡ್ರೀ! ಒಳಗೆ ಕರೆಂಟಿದೆ ಕಣ್ರೀ!" ಎಂದು ಅರಚುತ್ತ ಮಕ್ಕಳನ್ನು ದಾಟಿ ನುಗ್ಗುವಷ್ಟರಲ್ಲಿ, ಹತ್ತಿರ ಹೋಗಲು ಹೇಸಿದ ಸಾವ್ಕಾರರ ಮಗ ದೂರದಿಂದಲೇ ಬಿಂದಿಗೆ ಪೂರ್ತಿ ಎರಚಿಬಿಟ್ಟ.

ಢಂ ಎಂದಿತು. ಪರದೆ ಒಂದು ಸಲ ಬೆಳ್ಳಗೆ ಉರಿದು ಕಪ್ಪಾಯಿತು. ಹಿಂದಿನಿಂದ ಹೊಗೆ. ಸುಟ್ಟ ತಂತಿ, ಗಂಜಲ, ಚೆಂಡುಹೂವು, ಊದುಬತ್ತಿ, ಎಲ್ಲ ಸೇರಿದ ಆ ನಾತ ಇವತ್ತಿಗೂ ನನ್ನ ಮೂಗಿನಲ್ಲಿದೆ. ಶುದ್ಧಿ ಆಯಿತು, ಟೀವಿ ಸತ್ತಿತು. ಮೇಲೆ ಇನ್ಸಾಟು ನಾಟಕವನ್ನು ಕಳಿಸುತ್ತಲೇ ಇತ್ತು, ಹಿಡಿಯುವ ಯೋಗ್ಯತೆ ಕೆಳಗಿರಲಿಲ್ಲ. ನಾನು ಗೋಡೆಯ ಹಿಂದೆ ಹೋಗಿ ವಾಂತಿ ಮಾಡಿಕೊಂಡೆ. ನನ್ನ ವಾಂತಿ ನೋಡಿ ಒಬ್ಬರು, "ಪಾಪ, ಸಾರ್‌ಗೂ ಮೈಲಿಗೆ ತಟ್ತು," ಎಂದರು.

ಬೇರೆ ಟೀವಿ ಆ ಊರಿಗೆ ಬರಲಿಲ್ಲ. ಬೇಸಗೆಯ ಹೊತ್ತಿಗೆ ನನಗೆ ಹಿಂದೂಪುರಕ್ಕೇ ವರ್ಗವಾಯಿತು. ಪರಿಗಿ ಕಡೆಯ ಹಳ್ಳಿಗಳಲ್ಲಿ ಅದೇ ಕೆಲಸ, ಅದೇ ಛತ್ರಿಗಳು. ಮೊದಲು ಮಾಡಿದ್ದು ಪ್ರತಿ ಊರಿನಲ್ಲೂ ಕಂಬಕ್ಕೆ ಏನಾದರೂ ಕಟ್ಟಿದ್ದಾರೆಯೇ ಎಂದು ನೋಡಿದ್ದು. ಎಮ್ಮೆ ಕಟ್ಟಿದ್ದರು, ಬಟ್ಟೆ ಒಣಗಲು ದಾರ ಕಟ್ಟಿದ್ದರು. ಸರೋಜಮ್ಮ ಗೋರಂಟ್ಲದ ಬಸ್ಸು ಹತ್ತಲಿಲ್ಲ ಎಂದು ಮಾತ್ರ ಯಾರೋ ಹೇಳಿದರು. ಗಂಡನ ಮನೆಯವರು ಕರೆಯಲು ಬರುವ ಹಿಂದಿನ ದಿನ ಕಲ್ಯಾಣದುರ್ಗದ ಬಸ್ಸು ಹತ್ತಿದ್ದಳಂತೆ.

ಮದುವೆಯಿಂದ ಹಿಂದಿರುಗುವಾಗ ಕಲ್ಯಾಣದುರ್ಗದಲ್ಲಿ ಇಳಿದು ಕೇಳುತ್ತ ಹೋದೆ. ಸಿಕ್ಕಿದಳು. ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಅಡುಗೆಗೆ ಸೇರಿ, ಅಲ್ಲೇ ಕೆಲಸ ಮುಗಿಸಿ, ಈಗ ಎರಡು ಕೋಣೆಯ ಸ್ವಂತ ಮನೆಯಲ್ಲಿದ್ದಾಳೆ. ತಲೆ ಪೂರ್ತಿ ಬೆಳ್ಳಗಾಗಿದೆ. ತಾರಸಿಯ ಮೇಲೆ ಊಟದ ತಟ್ಟೆಯಷ್ಟು ಸಣ್ಣ ಛತ್ರಿ. ನನ್ನನ್ನು ಗುರುತು ಹಿಡಿದು, "ಬಾರಣ್ಣಾ, ಒಳಗೆ ಬಾ," ಎಂದಳು. ಕೊಟ್ಟ ನೀರಿನ ಲೋಟ ಸ್ವಚ್ಛವಾಗಿತ್ತು, ಬೆರಳು ಅದ್ದಿರಲಿಲ್ಲ.

ನಾನು ಕೋಳಿ ಗೂಡಿನ ಕಥೆ ಹೇಳಿದೆ. ಇನ್ಸಾಟು ಕೆಟ್ಟಿತಂತೆ ಎಂದೆ. ಹೇಳುತ್ತ ಹೇಳುತ್ತ ನನಗೆ ಮತ್ತೆ ಸಿಟ್ಟು ಬಂದು ಗಂಟಲು ಏರಿತು. ಆ ಭಾನುವಾರದ ಮಾತೆತ್ತಿ, "ಹೊರಗಿದ್ದವಳು ಅಷ್ಟು ಜನದ ಮುಂದೆ ಹಾಗೆ ಹೇಳೋಕೆ ಎಷ್ಟು ಧೈರ್ಯ ಬೇಕಮ್ಮ ನಿನಗೆ," ಎಂದೆ.

ಅವಳು ಸೆರಗು ಬಾಯಿಗೆ ಅಡ್ಡ ಹಿಡಿದು ನಗತೊಡಗಿದಳು. ನಗು ನಿಲ್ಲಲೇ ಇಲ್ಲ.

"ಎಲ್ಲಿದ್ದೆ ಅಣ್ಣಾ ಹೊರಗೆ? ತಲೆಗೆ ನೀರು ಹುಯ್ಕಂಡು ವಾರ ಆಗಿತ್ತು. ಆ ಮುದುಕೀನೂ ನೋಡಿದ್ಲು, ಮರ್ತಿದ್ಲು ಅಷ್ಟೇ."

"ಮತ್ತೆ ಯಾಕೆ ಹಾಗಂದೆ?"

"ದಿನಾ ಕೇಳ್ತಿದ್ರಲ್ಲ. ದಿನಾ ನಿಜ ಹೇಳ್ತಿದ್ದೆ, ಒಬ್ರೂ ನಂಬ್ತಿರ್ಲಿಲ್ಲ. ಅವತ್ತು ಒಂದೇ ಒಂದ್ ಸುಳ್ಳು ಹೇಳ್ದೆ, ಊರಿಗೆ ಊರೇ ನಂಬ್ಬುಡ್ತು." ಕಣ್ಣು ಒರೆಸಿಕೊಂಡು ಎದ್ದಳು. "ಮಡಿಯಾಗಿದ್ದ ಟೀವಿಗೇ ಗಂಜಲ ಹುಯ್ದು ಸಾಯಿಸಿದ್ರು ಕಣಣ್ಣಾ ಅವರು. ತಡಿ, ಕಾಫಿ ಇಡ್ತೀನಿ."